ಎಡಕ್ಕೆ ತಂಪು, ಬಲಕ್ಕೆ ಬಿಸಿ: ಒಂದು ಫಾರ್ವರ್ಡ್ ಎಬ್ಬಿಸಿದ ಜಗಳ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಧಾರವಾಡದ ದೊಡ್ಡಪ್ಪನವರೇ ಅಡ್ಮಿನ್. ಅವರು ನಿವೃತ್ತ ಮುಖ್ಯೋಪಾಧ್ಯಾಯರಾದ್ದರಿಂದ ಇಲ್ಲಿ ಯಾರೇ ಬರೆದರೂ ಕನ್ನಡ ಲಿಪಿಯಲ್ಲಿ, ಪೂರ್ಣ ವಾಕ್ಯದಲ್ಲಿಯೇ ಬರೆಯಬೇಕು. ಹೀಗಾಗಿ ನಮ್ಮಲ್ಲಿ ಜಗಳಗಳೂ ವ್ಯಾಕರಣಬದ್ಧವಾಗಿಯೇ ನಡೆಯುತ್ತವೆ. ಕಳೆದ ಬೇಸಿಗೆಯಲ್ಲಿ ಹುಬ್ಬಳ್ಳಿಯ ಸೋದರಮಾವ ಕಳುಹಿಸಿದ ಒಂದು ಸಂದೇಶದಿಂದ ಹುಟ್ಟಿದ ಚರ್ಚೆಯನ್ನು, ಹಬ್ಬದ ಶುಭಾಶಯಗಳನ್ನೂ ಕೈಮುಗಿಯುವ ಚಿತ್ರಗಳನ್ನೂ ತೆಗೆದುಹಾಕಿ, ಇಲ್ಲಿ ಕೊಟ್ಟಿದ್ದೇನೆ.

ಮಾವ (ಫಾರ್ವರ್ಡ್): "ಎಚ್ಚರಿಕೆ! ನಿಮ್ಮ ಕಾರಿನ ಎಸಿಯಲ್ಲಿ ಒಂದು ಬದಿಗೆ ತಂಪು, ಇನ್ನೊಂದು ಬದಿಗೆ ಬಿಸಿ ಗಾಳಿ ಬರುತ್ತಿದೆಯೇ? ಗ್ಯಾಸ್ ಮುಗಿಯುತ್ತಾ ಬಂದಿದೆ ಎಂದೇ ತಿಳಿಯಿರಿ. ಪ್ರತಿ ವರ್ಷ ಗ್ಯಾಸ್ ತುಂಬಿಸದಿದ್ದರೆ ಕಂಪ್ರೆಸರ್ ಸಿಡಿಯಬಹುದು. ನಿಮ್ಮ ಬಂಧುಗಳೆಲ್ಲರಿಗೂ ತಿಳಿಸಿ…"

ಇದರ ಕೆಳಗೆ 'ಇನ್ನಷ್ಟು ಓದಿ' ಎಂಬುದಿತ್ತು. ಅದನ್ನು ಯಾರೂ ಒತ್ತಲಿಲ್ಲ.

ಮಾವ: "ದಾವಣಗೆರೆಯ ಅಳಿಯಂದಿರು ಇದನ್ನು ವಿಶೇಷವಾಗಿ ಗಮನಿಸಬೇಕು. ಕಳೆದ ತಿಂಗಳು ಬೆಂಗಳೂರಿನ ಮದುವೆಗೆ ಅವರ ಕಾರನ್ನು ನಾನೇ ಓಡಿಸಿಕೊಂಡು ಹೋದಾಗ ದಾರಿಯುದ್ದಕ್ಕೂ ನಾನು ಬೆವರುತ್ತಿದ್ದೆ, ಪಕ್ಕದಲ್ಲಿ ಕುಳಿತವರು ಶಾಲು ಹೊದ್ದುಕೊಂಡಿದ್ದರು."

ಅತ್ತಿಗೆ: "ಮಾವನವರೇ, ಈ ಮಾಹಿತಿಯನ್ನು ಬರೆದವರು ಯಾರು, ಯಾವ ಕಂಪನಿಯ ಕೈಪಿಡಿಯಲ್ಲಿ ಹೀಗೆ ಹೇಳಿದೆ ಎಂಬುದನ್ನು ದಯವಿಟ್ಟು ತಿಳಿಸುವಿರಾ? ನಮ್ಮ ಕಾರಿನಲ್ಲೂ ಇದೇ ತೊಂದರೆ ಬಂದಿತ್ತು. ಅದು ಗ್ಯಾಸಿನಿಂದಲ್ಲ, ಡ್ಯಾಶ್‌ಬೋರ್ಡಿನ ಒಳಗೆ ಬಿಸಿ ಗಾಳಿ ಮತ್ತು ತಣ್ಣನೆಯ ಗಾಳಿಯನ್ನು ಬೆರೆಸುವ ಫ್ಲಾಪಿನ ಮೋಟರ್ ಕೆಟ್ಟಿದ್ದರಿಂದ ಬಂದದ್ದು. ಕಾರು ಚಾಲೂ ಮಾಡಿದೊಡನೆ ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು ಕೇಳುತ್ತಿತ್ತು. ಬಿಚ್ಚಿ ನೋಡಿದಾಗ ಮೋಟರಿನ ಪ್ಲಾಸ್ಟಿಕ್ ಗೇರಿನ ಹಲ್ಲುಗಳು ಸವೆದುಹೋಗಿದ್ದವು. ನಿಮ್ಮ ಮಾತು ಕೇಳಿ ಗ್ಯಾಸ್ ಹಾಕಿಸಿದ್ದರೆ ಹಣ ಹೋಗುತ್ತಿತ್ತು, ಬಿಸಿ ಉಳಿಯುತ್ತಿತ್ತು."

ಮಾವ: "ನಾನು ಏನು ಕಳುಹಿಸಿದರೂ ಈ ಮನೆಯಲ್ಲಿ ಪುರಾವೆ ಕೇಳುವ ಪದ್ಧತಿಯಾಗಿದೆ. ಅರಿಶಿನದ ಕಷಾಯದ ವಿಷಯದಲ್ಲೂ ಹೀಗೆಯೇ ಆಯಿತು. ಹಿರಿಯರ ಅನುಭವಕ್ಕೆ ಬೆಲೆಯಿಲ್ಲ ಎನ್ನುವುದಾದರೆ ನಾನು ಗುಂಪಿನಿಂದ ಹೊರಗೆ ಹೋಗುತ್ತೇನೆ."

ಮಾವ ಹೊರಗೆ ಹೋಗಲಿಲ್ಲ. ಅವರು ಹೀಗೆ ಹೇಳಿದ ಮೇಲೆ ಹೋದ ಉದಾಹರಣೆಯೇ ಇಲ್ಲ.

ದೊಡ್ಡಪ್ಪ: "ಹವೆಯನ್ನು ಕೃತಕವಾಗಿ ತಂಪು ಮಾಡಿಕೊಂಡು ತಿರುಗುವ ಚಟವೇ ಇದಕ್ಕೆಲ್ಲ ಮೂಲ. ನಾವು ಧಾರವಾಡದಿಂದ ಬಾಗಲಕೋಟೆಗೆ ಏಪ್ರಿಲ್ ತಿಂಗಳಿನಲ್ಲಿ ಕೆಂಪು ಬಸ್ಸಿನಲ್ಲಿ ಹೋಗುತ್ತಿದ್ದೆವು, ಯಾರೂ ಎಡ ಬಲ ಎಂದು ಅಳೆಯುತ್ತಿರಲಿಲ್ಲ."

ಗದಗಿನ ಅಣ್ಣ: "ದೊಡ್ಡಪ್ಪಾ, ನಮ್ಮ ಅಜ್ಜನ ಅಂಬಾಸಿಡರ್ ನೆನಪಿದೆಯೇ? ಮುಂಬಾಗಿಲಿನಲ್ಲಿದ್ದ ತ್ರಿಕೋನದ ಪುಟ್ಟ ಗಾಜನ್ನು ತಿರುಗಿಸಿದರೆ ಗಾಳಿ ನೇರವಾಗಿ ಎದೆಗೆ ಬರುತ್ತಿತ್ತು, ಕಾಲಿಗೆ ಮಾತ್ರ ಇಂಜಿನ್ನಿನ ಶಾಖ ಹೊಡೆಯುತ್ತಿತ್ತು. ಮೇಲೆ ತಂಪು, ಕೆಳಗೆ ಬಿಸಿ. ಅದನ್ನು ಯಾರೂ ದೋಷವೆಂದು ಕರೆಯಲಿಲ್ಲ."

ಈ ಅಂಬಾಸಿಡರಿನ ಮೇಲೆ ಮುಂದೆ ಬಂದ ಸಂದೇಶಗಳನ್ನು ಬಿಟ್ಟಿದ್ದೇನೆ, ಏಕೆಂದರೆ ಅವು ಕಡೆಗೆ ಕಾರನ್ನು ಮಾರಿದವರು ಯಾರು, ಹಣ ಯಾರ ಕೈಗೆ ಹೋಯಿತು ಎಂಬಲ್ಲಿಗೆ ಮುಟ್ಟಿದವು. ಎಸಿಯ ವಿಷಯವನ್ನು ಮತ್ತೆ ಎತ್ತಿದವರು ಕಾರಿನ ಯಜಮಾನರಾದ ಭಾವ.

ಭಾವ: "ಎಲ್ಲರ ಕಾಳಜಿಗೂ ವಂದನೆಗಳು. ನಾನು ಇಂದು ಗ್ಯಾರೇಜಿಗೆ ಹೋಗಿದ್ದೆ. ಅವರು ಇಂಜಿನ್ ಆಫ್ ಇದ್ದಾಗಲೇ ಒತ್ತಡ ಅಳೆಯುವ ಗೇಜ್ ಹಚ್ಚಿ ನೋಡಿ, 97 ತೋರಿಸುತ್ತಿದೆ, ಗ್ಯಾಸ್ ಫುಲ್ ಇದೆ ಎಂದರು. ಆದ್ದರಿಂದ ಅತ್ತಿಗೆಯವರ ಮಾತೇ ಸರಿ ಎಂದು ಕಾಣುತ್ತದೆ."

ಅತ್ತಿಗೆ: "ನಾನು ಇದನ್ನೇ ಹೇಳಿದ್ದೆ. ಈ ಸಂದೇಶವನ್ನು ಉಳಿಸಿಟ್ಟುಕೊಳ್ಳುತ್ತೇನೆ."

ತಮ್ಮ (ಮಿಷಿಗನ್‌ನಿಂದ, ಅವನಿಗೆ ಆಗ ನಡುರಾತ್ರಿ): "ಭಾವ, ಆ 97ಕ್ಕೆ ಅರ್ಥವಿಲ್ಲ. ಇಂಜಿನ್ ಆಫ್ ಇದ್ದಾಗ ಒಳಗಿನ ಒತ್ತಡವನ್ನು ನಿರ್ಧರಿಸುವುದು ಸುತ್ತಲಿನ ಉಷ್ಣತೆಯೇ ಹೊರತು ಗ್ಯಾಸಿನ ಪ್ರಮಾಣವಲ್ಲ. ನಿಮ್ಮ ಕಾರಿನ ಎಸಿಯಲ್ಲಿರುವ ಆರ್134ಎ ಎಂಬ ಗ್ಯಾಸು 30 ಡಿಗ್ರಿಯಲ್ಲಿ ಸುಮಾರು 97 ಪಿಎಸ್‌ಐ (ಒತ್ತಡದ ಅಳತೆ) ತೋರಿಸುತ್ತದೆ. ಒಳಗೆ ದ್ರವರೂಪದ ಗ್ಯಾಸ್ ಸ್ವಲ್ಪವೇ ಉಳಿದಿದ್ದರೂ ಅಷ್ಟೇ, ಪೂರ್ತಿ ಇದ್ದರೂ ಅಷ್ಟೇ. ಮನೆಯ ಅಡುಗೆ ಸಿಲಿಂಡರು ಮುಗಿಯುವ ಹಿಂದಿನ ದಿನವೂ ಉರಿ ಜೋರಾಗಿಯೇ ಇರುತ್ತದಲ್ಲ, ಹಾಗೆ. ಗೇಜನ್ನು ಎಸಿ ಓಡುತ್ತಿರುವಾಗ ಹಚ್ಚಿ, ಕೊಳವೆಗಳ ಹೆಚ್ಚಿನ ಒತ್ತಡದ ಭಾಗ, ಕಡಿಮೆ ಒತ್ತಡದ ಭಾಗ ಎರಡನ್ನೂ ಒಟ್ಟಿಗೆ ನೋಡಬೇಕು. ಅದಕ್ಕೂ ಮೊದಲು ಒಂದು ಪ್ರಶ್ನೆ: ನಿಮ್ಮ ಕಾರಿನಲ್ಲಿ ಉಷ್ಣತೆಯ ಗುಂಡಿ ಒಂದಿದೆಯೋ ಎರಡಿವೆಯೋ?"

ಭಾವ: "ಒಂದೇ ಇದೆ."

ತಮ್ಮ: "ಹಾಗಿದ್ದರೆ ಅತ್ತಿಗೆಯ ಕಾರಿನ ಕಥೆ ನಿಮ್ಮದಕ್ಕೆ ಹೊಂದುವುದಿಲ್ಲ. ಅವರದರಲ್ಲಿ ಚಾಲಕನಿಗೊಂದು, ಪಕ್ಕದವರಿಗೊಂದು ಗುಂಡಿ, ಎರಡು ಬದಿಗೂ ಬೇರೆ ಬೇರೆ ಫ್ಲಾಪು ಇವೆ. ಒಂದು ಕೆಟ್ಟರೆ ಒಂದೇ ಬದಿಗೆ ಬಿಸಿ ಬರುತ್ತದೆ. ಒಂದೇ ಗುಂಡಿಯ ಕಾರಿನಲ್ಲಿ ಫ್ಲಾಪು ಕೆಟ್ಟರೆ ಸಾಮಾನ್ಯವಾಗಿ ಎರಡೂ ಬದಿ ಒಟ್ಟಿಗೆ ಕೆಡುತ್ತದೆ. ಅಲ್ಲಿ ಎಡ ಬಲದ ವ್ಯತ್ಯಾಸ ಬಂದರೆ ಮೊದಲ ಅನುಮಾನ ಗ್ಯಾಸ್ ಕಡಿಮೆಯಾದದ್ದರ ಮೇಲೆಯೇ. ಕೂಲಿಂಗ್ ಕಾಯಿಲಿಗೆ ಬರುವ ಅಲ್ಪ ದ್ರವವು ಕಾಯಿಲಿನ ಮೊದಲ ಭಾಗದಲ್ಲಿಯೇ ಆವಿಯಾಗಿ ಮುಗಿಯುತ್ತದೆ, ಉಳಿದ ಭಾಗ ತಣ್ಣಗಾಗುವುದೇ ಇಲ್ಲ. ಆ ಭಾಗದ ಮೂಲಕ ಹಾದ ಗಾಳಿ ಡ್ಯಾಶ್‌ಬೋರ್ಡಿನ ಯಾವ ಗಾಳಿಕಿಂಡಿಗೆ, ಅಂದರೆ ವೆಂಟಿಗೆ, ಹೋಗುತ್ತದೆಯೋ ಅಲ್ಲಿ ಕುಳಿತವರು ಬೆವರುತ್ತಾರೆ."

ಮಾವ: "ಅಂದರೆ ನಾನು ಕಳುಹಿಸಿದ್ದು ಸರಿ ಎಂದಾಯಿತು. ಈಗ ಪುರಾವೆ ಕೇಳಿದವರು ಎಲ್ಲಿದ್ದಾರೆ?"

ತಮ್ಮ: "ಅರ್ಧ ಸರಿ, ಮಾವ. ವರ್ಷಕ್ಕೊಮ್ಮೆ ತುಂಬಿಸಬೇಕು ಎಂಬುದು ಸುಳ್ಳು. ಎಸಿಯ ಗ್ಯಾಸು ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ, ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಿರುತ್ತದೆ. ಬೇಗನೆ ಕಡಿಮೆಯಾಗಿದೆ ಎಂದರೆ ಎಲ್ಲಿಯೋ ಸೋರಿದೆ. ಸೋರಿಕೆ ಹುಡುಕದೆ ತುಂಬಿಸಿದರೆ ಮುಂದಿನ ಬೇಸಿಗೆಗೆ ಮತ್ತೆ ಇದೇ ಚರ್ಚೆ. ಅಂದಾಜಿನ ಮೇಲೆ ಹೆಚ್ಚು ತುಂಬಿಸಿದರಂತೂ ತಂಪು ಇನ್ನಷ್ಟು ಕಡಿಮೆಯಾಗುತ್ತದೆ."

ಅತ್ತಿಗೆ ಇದಕ್ಕೆ ಉತ್ತರಿಸದೆ ಬೇರೊಂದು ಅಂಶ ಎತ್ತಿದರು, ಅದು ನನಗೆ ನ್ಯಾಯವೆಂದೇ ಕಂಡಿತು. ಮಾವ ಮದುವೆಗೆ ಹೊರಟದ್ದು ಊಟ ಮುಗಿಸಿಕೊಂಡು. ಮಧ್ಯಾಹ್ನದ ಮೇಲೆ ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆಗೆ ಹೋಗುವಾಗ ಬಿಸಿಲು ಬಲಗಡೆಯಿಂದ, ಅಂದರೆ ಚಾಲಕನ ತೊಡೆಯ ಮೇಲೆಯೇ ಬೀಳುತ್ತದೆ. ಹಾಗಾದರೆ ಮಾವ ಬೆವರಿದ್ದು ಎಸಿಯಿಂದಲೋ ಬಿಸಿಲಿನಿಂದಲೋ? ವೆಂಟಿನ ಗಾಳಿಯನ್ನು ಅಳೆಯದೆ ಮೈಯ ಅನುಭವವನ್ನು ನಂಬಿದರೆ ಈ ಎರಡನ್ನೂ ಬೇರ್ಪಡಿಸಲಾಗುವುದಿಲ್ಲ. ಆದರೆ ಮಾವನಿಗೆ ಅದರಲ್ಲಿ ಕೇಳಿಸಿದ್ದು 'ನಿಮಗೆ ವಯಸ್ಸಾಗಿದೆ' ಎಂಬುದಷ್ಟೇ.

ಭಾವ: "ಅಳೆದಿದ್ದೇನೆ. ಸಂಜೆ ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಹೊರಗಿನ ಗಾಳಿ ಬರದಂತೆ ಮಾಡಿ, ಗುಂಡಿಯನ್ನು ಪೂರ್ತಿ ತಂಪಿಗಿಟ್ಟು, ಹತ್ತು ನಿಮಿಷ ಬಿಟ್ಟು ಪ್ರತಿ ವೆಂಟಿಗೂ ಥರ್ಮಾಮೀಟರ್ ತುರುಕಿ ನೋಡಿದೆ. ಎಡತುದಿಯಲ್ಲಿ 9 ಡಿಗ್ರಿ, ನಡುವೆ 13, ಬಲತುದಿಯಲ್ಲಿ 19."

ಅಕ್ಕ: "ಜ್ವರ ನೋಡುವ ಥರ್ಮಾಮೀಟರ್ ತುರುಕಿಲ್ಲ ಎಂದು ಎಲ್ಲರಿಗೂ ಸ್ಪಷ್ಟಪಡಿಸಬಯಸುತ್ತೇನೆ. ಅದು ನನ್ನ ಅಡುಗೆಮನೆಯದು, ಇನ್ನೂ ಹಿಂದಿರುಗಿ ಬಂದಿಲ್ಲ."

ತಮ್ಮ: "ಎರಡು ಮೂರು ಡಿಗ್ರಿಯ ವ್ಯತ್ಯಾಸವನ್ನು ಬಿಡಬಹುದು, ಹತ್ತು ಬಹಳವಾಯಿತು. ನಾಳೆ ಬಾನೆಟ್ ತೆರೆದು ಕೊಳವೆಗಳ ಜಾಯಿಂಟುಗಳನ್ನು ನೋಡಿ. ಗ್ಯಾಸಿನ ಜೊತೆಗೆ ಕಂಪ್ರೆಸರಿನ ಎಣ್ಣೆಯೂ ಸೋರುವುದರಿಂದ ಸೋರುವ ಜಾಗದಲ್ಲಿ ಧೂಳು ಮೆತ್ತಿಕೊಂಡು ಕಪ್ಪಗೆ ಜಿಡ್ಡಾಗಿರುತ್ತದೆ."

ಮರುದಿನ ಭಾವ ಚಿತ್ರ ಕಳುಹಿಸಿದರು. ಮುಂದಿನ ಜಾಲರಿಯ ಹಿಂದೆ, ಗ್ಯಾಸಿನ ಶಾಖವನ್ನು ಹೊರಗೆ ಬಿಡುವ ಕಂಡೆನ್ಸರಿಗೆ ಅಲ್ಯೂಮಿನಿಯಂ ಕೊಳವೆ ಬಂದು ಸೇರುವಲ್ಲಿ, ನಟ್ಟಿನ ಸುತ್ತ ಮಾತ್ರ ಎಣ್ಣೆಯಲ್ಲಿ ನೆಂದ ಮಣ್ಣಿನ ಬಳೆಯಂಥ ಕಲೆ; ಅದರ ಎರಡು ಬೆರಳಿನಾಚೆ ಕೊಳವೆ ಒಣಗಿ ಬೆಳ್ಳಗಿತ್ತು. ಅದೇ ಚಿತ್ರದ ಮೂಲೆಯಲ್ಲಿ ಕಂಡೆನ್ಸರಿನ ನಾಲ್ಕಾರು ರೆಕ್ಕೆಗಳು ಬಗ್ಗಿದ್ದೂ ಕಾಣುತ್ತಿತ್ತು.

ಅತ್ತಿಗೆ: "ಆ ರೆಕ್ಕೆಗಳಿಗೆ ಕಲ್ಲು ಹೊಡೆದದ್ದು ಯಾರ ಕೈಯಲ್ಲಿ ಕಾರಿದ್ದಾಗ ಎಂಬುದನ್ನು ನಾನು ಕೇಳುವುದಿಲ್ಲ."

ಮಾವ: "ಕೇಳದೆಯೇ ಕೇಳಿದ್ದೀಯಮ್ಮ. ಹಿರಿಯೂರಿನ ಬಳಿ ಜಲ್ಲಿ ತುಂಬಿದ ಲಾರಿ ನನ್ನ ಮುಂದೆ ಬಂದರೆ ನಾನೇನು ಮಾಡಬೇಕಿತ್ತು? ಬಿಸಿ ಏರಿದಾಗ ರೇಡಿಯೇಟರಿಗೆ ನೀರು ಹಾಕಿ ಕಾರನ್ನು ಕಾಪಾಡಿದವನೂ ನಾನೇ."

ಭಾವ: "ಮಾವನವರೇ, ಯಾವ ನೀರು?"

ಮಾವ: "ಢಾಬಾದ ಬೋರ್ ನೀರು. ಗಂಗೆಯನ್ನು ಎಲ್ಲಿಂದ ತರಲಿ?"

ಇಲ್ಲಿ ಭಾವ ಅಷ್ಟು ಹೊತ್ತು ಕಾಪಾಡಿಕೊಂಡಿದ್ದ ಸೌಜನ್ಯ ತುಸು ಸಡಿಲಾಯಿತು. ಬೋರ್ ನೀರಿನ ಸುಣ್ಣದ ಅಂಶ ಇಂಜಿನ್ನನ್ನು ತಂಪಾಗಿಡುವ ದ್ರವದ, ಅಂದರೆ ಕೂಲೆಂಟಿನ, ಹಾದಿಗಳಲ್ಲಿ ಪದರ ಕಟ್ಟುತ್ತದೆ ಎಂದು ಅವರು ನಾಲ್ಕು ಸಾಲಿನ ಒಂದೇ ವಾಕ್ಯದಲ್ಲಿ ಬರೆದರು. ತಮ್ಮ ಅದಕ್ಕೆ ತನ್ನ ಅನುಭವ ಸೇರಿಸಿದ. ಕಳೆದ ಜನವರಿಯಲ್ಲಿ ಅವನು ಕೊಂಡ ಹಳೆಯ ಕಾರಿನಲ್ಲಿ ಹೀಟರ್ ಹಾಕಿದರೆ ಒಂದು ಬದಿಗೆ ಮಾತ್ರ ಬೆಚ್ಚಗಿನ ಗಾಳಿ ಬರುತ್ತಿತ್ತು; ಬಿಸಿ ಕೂಲೆಂಟಿನಿಂದ ಗಾಳಿಯನ್ನು ಬೆಚ್ಚಗೆ ಮಾಡುವ ಹೀಟರ್ ಕೋರಿಗೆ ಹೋಗುವ ಪೈಪು ಮುಟ್ಟಲಾಗದಷ್ಟು ಬಿಸಿ, ಹಿಂದಿರುಗುವ ಪೈಪು ಉಗುರುಬೆಚ್ಚಗೆ. ಕೋರಿನ ಒಳಗೆ ಕೆಸರು ಕಟ್ಟಿತ್ತು, ಪೈಪು ಬಿಚ್ಚಿ ಹಿಮ್ಮುಖವಾಗಿ ನೀರು ಹಾಯಿಸಿದ ಮೇಲೆ ಸರಿಯಾಯಿತು. ದಾವಣಗೆರೆಯಲ್ಲಿ ಹೀಟರ್ ಹಾಕುವವರು ಯಾರು ಎಂದು ಮಾವ ಕೇಳಿದ್ದು ಸರಿಯಾದ ಪ್ರಶ್ನೆಯೇ. ಸದ್ಯದ ಎಸಿ ತೊಂದರೆಗೆ ಬೋರ್ ನೀರು ಕಾರಣವಲ್ಲ, ಆದರೆ ಆ ಹೊತ್ತಿಗೆ ಕಾರಣ ಯಾರಿಗೂ ಬೇಕಿರಲಿಲ್ಲ.

ದೊಡ್ಡಪ್ಪ: "ಕಾರು ಕೊಟ್ಟವರು ದೊಡ್ಡವರು, ಓಡಿಸಿದವರು ಹಿರಿಯರು. ಇಬ್ಬರೂ ಕ್ಷಮಿಸಿಕೊಳ್ಳತಕ್ಕದ್ದು. ಅಂದಹಾಗೆ, ಮೂಲ ಸಂದೇಶದ ಕೊನೆಯ ಸಾಲನ್ನು ಯಾರಾದರೂ ಓದಿದ್ದೀರಾ? 'ಎರಡು ಗುಂಡಿಗಳಿರುವ ಕಾರುಗಳಿಗೆ ಇದು ಅನ್ವಯಿಸುವುದಿಲ್ಲ' ಎಂದು ಬರೆದಿದೆ."

ಅತ್ತಿಗೆ ಆ ಸಂದೇಶಕ್ಕೆ ಏನೂ ಉತ್ತರಿಸಲಿಲ್ಲ. ಮಾವನೂ ಅದನ್ನು ಮೊದಲ ಬಾರಿಗೆ ಓದಿದರೆಂಬುದು ಅವರು ಬರೆದ "ಹೌದೇ?" ಎಂಬ ಅಪೂರ್ಣ ವಾಕ್ಯದಿಂದ ತಿಳಿಯಿತು.

ಶನಿವಾರ ಭಾವ ಬೇರೊಂದು ಗ್ಯಾರೇಜಿನಿಂದ ಬರೆದರು: "ಜಾಯಿಂಟಿನ ರಬ್ಬರ್ ಬಳೆ, ಅಂದರೆ ಓ-ರಿಂಗ್, ಗಟ್ಟಿಯಾಗಿ ಬಿರಿದಿತ್ತು, ಬದಲಿಸಿದರು. ಉಳಿದಿದ್ದ ಗ್ಯಾಸನ್ನು ಯಂತ್ರದಿಂದ ಹೊರತೆಗೆದು ತೂಗಿದಾಗ ಇರಬೇಕಾದದ್ದರ ಅರ್ಧಕ್ಕಿಂತ ಕಡಿಮೆ ಇತ್ತು. ಅರ್ಧ ಗಂಟೆ ಕೊಳವೆಗಳೊಳಗಿನ ಗಾಳಿಯನ್ನು ಎಳೆದು ವ್ಯಾಕ್ಯೂಮ್ ಹಿಡಿದು, ಬಾನೆಟ್ ಒಳಗಿನ ಚೀಟಿಯಲ್ಲಿ ಬರೆದಷ್ಟೇ ಗ್ರಾಂ ತೂಗಿ ಹಾಕಿದರು. ಈಗ ಎಡಕ್ಕೆ 8, ಬಲಕ್ಕೆ 9. ಹೊಳೆಯುವ ಬಣ್ಣವನ್ನೂ ಒಳಗೆ ಹಾಕಿದ್ದಾರೆ; ಹದಿನೈದು ದಿನ ಓಡಿಸಿ ಬಂದರೆ ನೀಲಿ ದೀಪ ಹಿಡಿದು ಬೇರೆಲ್ಲಾದರೂ ಸೋರಿಕೆ ಇದೆಯೇ ಎಂದು ನೋಡುತ್ತಾರಂತೆ."

ಮಾವ: "ಗ್ಯಾಸ್ ಹಾಕಿದರು ತಾನೇ?"

ಅತ್ತಿಗೆ: "ಓ-ರಿಂಗ್ ಹಾಕಿದರು."

ಅಕ್ಕ: "ಬಿಲ್ಲಿನಲ್ಲಿ ಎರಡೂ ಇವೆ. ನನ್ನ ಥರ್ಮಾಮೀಟರ್ ಮಾತ್ರ ಎಲ್ಲಿಯೂ ಇಲ್ಲ."