ಸಹಾಯ ಬೇಕು: ಓರೆಯಾಗಿ ತಿರುಗಿದ ಮುಖದಲ್ಲಿ ದೂರದ ಕಣ್ಣು ಸರಿಬರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದವನು, ಶಾಲೆ ಬಿಟ್ಟ ಮೇಲೆ ಚಿತ್ರ ಬರೆದವನೇ ಅಲ್ಲ, ಈಗ 46ನೇ ವಯಸ್ಸಿನಲ್ಲಿ ಭಾವಚಿತ್ರ ಬರೆಯಲು ಕಲಿಯುತ್ತಿದ್ದೇನೆ. ಎದುರುಮುಖ ತಕ್ಕಮಟ್ಟಿಗೆ ಬರುತ್ತಿದೆ: ನೆತ್ತಿಯಿಂದ ಗಲ್ಲದವರೆಗಿನ ಎತ್ತರದ ಹೆಚ್ಚುಕಡಿಮೆ ಅರ್ಧಕ್ಕೆ ಕಣ್ಣಿನ ಗೆರೆ, ಎರಡು ಕಣ್ಣುಗಳ ನಡುವೆ ಒಂದು ಕಣ್ಣಿನಷ್ಟು ಅಂತರ, ಇವು ಕೈಗೆ ಹತ್ತಿವೆ. (ಕಣ್ಣನ್ನು ಹಣೆಗೇರಿಸುವ ಚಾಳಿ ಬಿಡಲು ಎರಡು ತಿಂಗಳು ಹಿಡಿಯಿತು.)

ತೊಡಕಿರುವುದು ಮುಖ ಮುಕ್ಕಾಲು ಪಾಲು ಕಾಣುವಂತೆ ಓರೆಯಾಗಿ ತಿರುಗಿದಾಗ. ಜಗಲಿಯ ಮೇಲೆ ಮೊರ ಹಿಡಿದು ಅಕ್ಕಿ ಆರಿಸುತ್ತ ಕೂರುವ ಅವ್ವನನ್ನು ಹನ್ನೊಂದು ಸಲ ಬರೆದಿದ್ದೇನೆ. ಪ್ರತಿ ಸಲವೂ ದೂರದ ಕಣ್ಣು ಮೂಗಿನಾಚೆ ಅಂಟಿಸಿದ ಸ್ಟಿಕ್ಕರಿನಂತೆ ಕಾಣುತ್ತದೆ. ಕೊನೆಯದನ್ನು ನೋಡಿ ಅವ್ವ, "ಇದು ನಾನಲ್ಲ ಕಣ್ಲಾ, ನಿಮ್ಮತ್ತೆ" ಎಂದಳು.

ತೋಳು ಚಾಚಿ ಪೆನ್ಸಿಲಿನಿಂದ ಅಳತೆ ತೆಗೆದೆ, ಚಿತ್ರವನ್ನು ಕನ್ನಡಿಯಲ್ಲಿ ನೋಡಿ ತಿದ್ದಿದೆ, ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳ ಮುಂದೆ ನಿಂತು ಗಮನಿಸಿದೆ. ಫೋಟೋದ ಮೇಲೆ ಚೌಕಳಿ ಎಳೆದು ಬರೆದರೆ ಹೋಲಿಕೆ ಬರುತ್ತದೆ, ಆದರೆ ಎದುರು ಕೂತವರ ಮುಖದ ಮೇಲೆ ಚೌಕಳಿ ಎಳೆಯಲಾಗುವುದಿಲ್ಲವಲ್ಲ. ದೂರದ ಕಣ್ಣು ಕಿರಿದಾಗಬೇಕು, ಮೂಗಿನ ದಿಂಡು ಅದರ ಒಳಮೂಲೆಯನ್ನು ಮರೆಮಾಡಬಹುದು ಎಂಬುದು ತಿಳಿದಿದೆ. ಎಷ್ಟು ಕಿರಿದು, ಯಾವ ಗೆರೆಯನ್ನು ನಂಬಿ ಎಂಬುದೇ ಗೊಂದಲ.

ನನ್ನ ಪ್ರಶ್ನೆ ಇಷ್ಟೇ: ಹಣೆಯಿಂದ ಗಲ್ಲಕ್ಕಿಳಿಯುವ, ತಲೆಯ ದುಂಡಿಗೆ ತಕ್ಕಂತೆ ಬಾಗುವ ನಡುಗೆರೆಯನ್ನು ಮೊದಲು ಹಾಕಿ ಅದರಿಂದ ಕಣ್ಣಿನ ಜಾಗ ಹಿಡಿಯಬೇಕೋ, ಅಥವಾ ಹಣೆ, ಕೆನ್ನೆಗಳ ದೂರದ ಅಂಚನ್ನು ಮೊದಲು ಬರೆದು ಉಳಿದ ಜಾಗದೊಳಗೆ ಕಣ್ಣನ್ನು ಕೂರಿಸಬೇಕೋ? ಎದುರು ಕೂರಿಸಿಕೊಂಡು ಬರೆಯುವ ಅಭ್ಯಾಸವಿರುವವರು, ತಾವು ಯಾವುದರಿಂದ ಆರಂಭಿಸುತ್ತೀರಿ ಎಂದು ದಯವಿಟ್ಟು ತಿಳಿಸುವಿರಾ?