ಟ್ಯಾಂಕ್ ಸ್ಟಿಕ್ಕರ್ ಮೂರೇ ದಿನಕ್ಕೆ ಏಳ್ತಿದೆ, ಗುಳ್ಳೆ ಬೇರೆ. ಯಾರಾದ್ರೂ ಹೇಳಿ

ಪಲ್ಸರ್ ಪಾಂಡು:
ಪಲ್ಸರ್ 150 ಟ್ಯಾಂಕಿಗೆ ಎರಡೂ ಕಡೆ ಗ್ರಾಫಿಕ್ಸ್ ಹಾಕಿದೀನಿ. ಮಂಡಿ ಕೂರೋ ತಗ್ಗಲ್ಲಿ ಮೂರನೇ ದಿನಕ್ಕೇ ಎದ್ದು ಡೇರೆ ಥರ ನಿಂತಿದೆ. ಮೇಲ್ಗಡೆ ಸಣ್ಣ ಸಣ್ಣ ಗುಳ್ಳೆ. ಪಿನ್ ಚುಚ್ಚಿ ಒತ್ತಿದ್ರೆ ಹೋಗುತ್ತೆ, ಮಧ್ಯಾಹ್ನ ಬಿಸಿಲಿಗೆ ಮತ್ತೆ ಹಾಜರ್. ಎರಡು ಸಲ ಕಿತ್ತು ಹಾಕಿದ್ದಾಯ್ತು. ವಿನೈಲ್, ಅಂದ್ರೆ ಸ್ಟಿಕ್ಕರ್ ಹಾಳೆ, ಒಳ್ಳೇದೇ. ಕ್ಲೀನಿಂಗಲ್ಲೂ ಕೊರತೆ ಇಲ್ಲ, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಬಟ್ಟೆ ಕಪ್ಪಾಗೋ ಹಾಗೆ ಉಜ್ಜಿದೀನಿ. ತಲೆ ಕೆಟ್ಟೋಗಿದೆ.

ಹೀಟ್‌ಗನ್ ಹೈದ:
ಕೊನೇ ಹೀಟ್ ಕೊಟ್ಟಿಲ್ಲ, ಅಷ್ಟೇ ಗುರು. ಎಳೆದ ವಿನೈಲ್ ತನ್ನ ಹಳೇ ಅಳತೆಗೆ ವಾಪಸ್ ಹೋಗೋಕೆ ನೋಡುತ್ತೆ. ಅಂಟಿಸಿದ್ಮೇಲೆ 95ರಿಂದ 110 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ್ರೆ ಆ ನೆನಪು ಅಳಿಸಿಹೋಗುತ್ತೆ. ಕೈಯಿಟ್ಟು ನೋಡಿ ‘ಬಿಸಿ ಆಯ್ತು’ ಅನ್ನೋದು ಲೆಕ್ಕಕ್ಕಿಲ್ಲ, ಕೈ ಅರವತ್ತಕ್ಕೇ ಹಿಂದೆ ಬರುತ್ತೆ. ಇನ್ಫ್ರಾರೆಡ್ ಥರ್ಮಾಮೀಟರ್ ಹಿಡಿದು ನೋಡಿ.

ಪಲ್ಸರ್ ಪಾಂಡು:
ಕೊಟ್ಟೆ ಸರ್, ಥರ್ಮಾಮೀಟರ್ ಹಿಡಿದೇ ಕೊಟ್ಟೆ. ಬೆಳಿಗ್ಗೆ ನೋಡಿದ್ರೆ ಮೊದಲಿಗಿಂತ ಜಾಸ್ತಿ ಎದ್ದಿದೆ. ಅಂಚು ಒಳಗೆ ಸರಿದು ಸುತ್ತ ಅಂಟಿನ ಗೆರೆ ಕಾಣ್ತಿದೆ.

ಹೀಟ್‌ಗನ್ ಹೈದ:
ಟ್ಯಾಂಕಲ್ಲಿ ಪೆಟ್ರೋಲ್ ಎಷ್ಟಿತ್ತು? ಅರ್ಧ ಟ್ಯಾಂಕ್ ಇದ್ರೆ ತಗಡಿನ ಬಿಸೀನೆಲ್ಲಾ ಅದೇ ಎಳ್ಕೊಳುತ್ತೆ. ಮೇಲೆ 100 ತೋರ್ಸಿದ್ರೂ ಅಂಟಿಗೆ ಅಷ್ಟು ಮುಟ್ಟಿರಲ್ಲ. ಇನ್ನೊಂದು ರೌಂಡ್ ಕೊಡಿ.

ಕಡಲತಡಿ:
ಪೆಟ್ರೋಲ್ ಇರುವ ಟ್ಯಾಂಕಿಗೆ ಹೀಟ್ ಗನ್ ಹಿಡೀಲಿಕ್ಕೆ ಹೇಳ್ತೀರಲ್ಲ ಮಾರಾಯ್ರೆ! ಖಾಲಿ ಮಾಡಿದ್ರೂ ಸಾಲದು, ಖಾಲಿ ಟ್ಯಾಂಕಿನ ಆವಿಯೇ ಹೆಚ್ಚು ಅಪಾಯ. ಟ್ಯಾಂಕ್ ಬಿಚ್ಚಿ, ಸೋಪು ನೀರಲ್ಲಿ ಎರಡು ಮೂರು ಸಲ ಒಳಗೆ ತೊಳೆದು, ವಾಸನೆ ಪೂರ್ತಿ ಹೋದ ಮೇಲೆ ಬಯಲಲ್ಲಿ ಇಟ್ಟು ಕೆಲಸ ಮಾಡಿ. ಒಳಗೆ ಚೆನ್ನಾಗಿ ಒಣಗಿಸಿ, ಇಲ್ಲದಿದ್ರೆ ತುಕ್ಕು.

ಶಾಂಪೂ ನೀರು:
ಒಂದು ಲೀಟರ್ ನೀರಿಗೆ ನಾಲ್ಕೈದು ಹನಿ ಬೇಬಿ ಶಾಂಪೂ ಹಾಕಿ ಸ್ಪ್ರೇ ಮಾಡಿ ಅಂಟಿಸಿದ್ರೆ ಗುಳ್ಳೆಯ ಮಾತೇ ಇಲ್ಲ.

ಹೀಟ್‌ಗನ್ ಹೈದ:
ಅಂಟಲ್ಲೇ ಗಾಳಿ ಹೊರಗೆ ಹೋಗೋಕೆ ಸಣ್ಣ ಕಾಲುವೆ ಇರೋ ವಿನೈಲ್‌ಗೆ ನೀರು ಹಾಕ್ತಾರಾ ಸ್ವಾಮಿ? ಕಾಲುವೆ ಒಳಗೆ ನೀರು ನಿಂತ್ರೆ ಅಂಟೇ ಕೂರಲ್ಲ.

ಶಾಂಪೂ ನೀರು:
ಅವರದ್ದು ಕಾಲುವೆ ಇರೋದು ಅಂತ ಯಾರು ಹೇಳಿದ್ರು?

ಪ್ಲಾಟರ್ 24:
ಕಟಿಂಗ್ ಯಾವ ಬ್ಲೇಡಲ್ಲಿ? 45 ಡಿಗ್ರಿ ಸಾಕು, ರೇಡಿಯಂ ಶೀಟ್ ಆದರೆ ಮಾತ್ರ 60. ನಮ್ಮ 24 ಇಂಚು ಸರ್ವೋ ಮಷೀನು 3 ಮಿ.ಮೀ. ಅಕ್ಷರವನ್ನೂ ಮೂಲೆ ಹರಿಯದ ಹಾಗೆ ಕತ್ತರಿಸುತ್ತೆ. ಬೇಕಿದ್ದರೆ ಫೋಟೋ ಹಾಕ್ತೀನಿ.

ಕಡಲತಡಿ:
ಫೋಟೋ ಆಮೇಲೆ ಹಾಕಿ. ಪಾಂಡು ಅವರೇ, ಮೂರು ವಿಷಯ ಹೇಳಿ. ವಿನೈಲ್ ಕಾಸ್ಟ್ ಉಂಟಾ, ಕ್ಯಾಲೆಂಡರ್ಡ್ ಉಂಟಾ? ಟ್ಯಾಂಕಿನ ಪೇಂಟ್ ಕಂಪನಿದಾ, ಹೊಸದಾಗಿ ಹೊಡೆಸಿದ್ದಾ? ಬಟ್ಟೆ ಕಪ್ಪಾಯ್ತು ಅಂದಿರಿ, ಟ್ಯಾಂಕಿನ ಬಣ್ಣ ಯಾವುದು?

ಪಲ್ಸರ್ ಪಾಂಡು:
ಬಣ್ಣ ಕಪ್ಪು. ಡೆಂಟ್ ಇತ್ತು, ಲಪ್ಪ (ಪುಟ್ಟಿ) ಹಾಕಿಸಿ ಪೇಂಟ್ ಮಾಡ್ಸಿ ಎಂಟು ದಿನಕ್ಕೆ ಸ್ಟಿಕ್ಕರ್ ಹಾಕ್ದೆ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಅಂದಿದ್ರು ಪೇಂಟರ್. ವಿನೈಲ್ ಅಂಗಡೀಲಿ ಮೀಟರ್ ಲೆಕ್ಕದಲ್ಲಿ ಕೊಟ್ರು, ಹಿಂದಿನ ಪೇಪರಲ್ಲಿ ಏನೂ ಬರ್ದಿಲ್ಲ. ಇದೆಲ್ಲ ಮುಖ್ಯ ಅಂತ ಗೊತ್ತಿರ್ಲಿಲ್ಲ.

ಕಡಲತಡಿ:
ಇದೇ ಮುಖ್ಯ. ನಿಮ್ಮದು ಒಂದು ತೊಂದರೆ ಅಲ್ಲ, ಎರಡು.

ಗುಳ್ಳೆ ಪೇಂಟಿನದ್ದು. ಎನ್‌ಸಿ ಪೇಂಟ್ ಥಿನ್ನರ್ ಆರಿಯೇ ಗಟ್ಟಿಯಾಗುವುದು. ಮೇಲೆ ಒಣಗಿದ ಹಾಗೆ ಕಂಡ್ರೂ ಒಳಗೆ, ಮುಖ್ಯವಾಗಿ ಲಪ್ಪ ಇರುವ ಕಡೆ, ಥಿನ್ನರ್ ಉಳಿದಿರ್ತದೆ. ಬಿಸಿಲಿಗೆ ಅದು ಆವಿಯಾಗಿ ಮೇಲೆ ಬರ್ತದೆ, ವಿನೈಲ್ ತಡೀತದೆ. ಅದಕ್ಕೇ ಚುಚ್ಚಿದ ಗುಳ್ಳೆ ಮತ್ತೆ ಬರುವುದು. ಅಂಟಿಸುವಾಗ ಸಿಕ್ಕಿದ ಗಾಳಿ ಆದ್ರೆ ಒಮ್ಮೆ ಹೋದದ್ದು ಹೋಯ್ತು. ಬಟ್ಟೆಗೆ ಬಂದ ಕಪ್ಪು ಕೊಳೆ ಅಲ್ಲ, ನಿಮ್ಮ ಪೇಂಟೇ. ಹಸಿ ಎನ್‌ಸಿಯನ್ನು ಐಪಿಎ ಮೆತ್ತಗೆ ಮಾಡ್ತದೆ.

ಡೇರೆ ವಿನೈಲಿನದ್ದು. ಹೀಟ್ ಕೊಟ್ಟ ಮೇಲೆ ಅಂಚು ಒಳಗೆ ಸರಿಯಿತು ಅಂದಿರಲ್ಲ, ಅದು ಕ್ಯಾಲೆಂಡರ್ಡ್ ಲಕ್ಷಣ. ರೋಲರ್ ನಡುವೆ ಒತ್ತಿ ಎಳೆದು ಮಾಡಿದ ಹಾಳೆ, ಎಳೆತ ಅದರೊಳಗೇ ಉಂಟು, ಕಾಯಿಸಿದಷ್ಟೂ ಕುಗ್ತದೆ. ಕಾಸ್ಟ್ ಹಾಳೆ ದ್ರವವನ್ನು ಹರಡಿ ಮಾಡಿದ್ದು, ಸುಮಾರು 50 ಮೈಕ್ರಾನ್, ಎಳೆತ ಇರುವುದಿಲ್ಲ. ಹೈದ ಅವರ 95–110 ಲೆಕ್ಕ ಕಾಸ್ಟಿಗೆ ಸರಿ.

ಪರೀಕ್ಷೆ ಸುಲಭ. ಸ್ಟೀಲ್ ತಟ್ಟೆಯ ಹಿಂದೆ 10 ಸೆಂ.ಮೀ. ಚೌಕ ಅಂಟಿಸಿ, ನಡುವೆ ಬ್ಲೇಡಲ್ಲಿ ಪ್ಲಸ್ ಗೀರಿ, ಎರಡು ದಿನ ಬಿಸಿಲಲ್ಲಿಡಿ. ಗೀರು ಬಾಯಿ ಬಿಟ್ರೆ ಕ್ಯಾಲೆಂಡರ್ಡ್.

ಹೀಟ್‌ಗನ್ ಹೈದ:
ಕಾಸ್ಟ್ ಹಾಕಿದ್ರೂ ಹೀಟ್ ಸರಿ ಇಲ್ದಿದ್ರೆ ಏಳುತ್ತೆ. ಅದನ್ನೇ ನಾನೂ ಹೇಳಿದ್ದು.

ಪ್ಲಾಟರ್ 24:
ಇಡೀ ಗಾಡಿ ರ‍್ಯಾಪ್ ಮಾಡಿ ಬಣ್ಣ ಬದಲಾದರೆ ಆರ್‌ಸಿ ತಿದ್ದಿಸಬೇಕು, ಅದನ್ನೂ ಬರೆಯಿರಿ.

ಶಾಂಪೂ ನೀರು:
ಟ್ಯಾಂಕ್ ಸ್ಟಿಕ್ಕರಿಗೆ ಆರ್‌ಟಿಒ ಯಾಕಪ್ಪ ಬಂತು.

ಪಲ್ಸರ್ ಪಾಂಡು:
ತಟ್ಟೆ ಇಟ್ಟು ನೋಡಿದೆ. ಪ್ಲಸ್ ಬಾಯಿ ಬಿಟ್ಟಿದೆ, ನೂಲಿನಗಲ ಸ್ಟೀಲ್ ಕಾಣ್ತಿದೆ. ಈಗ ಇರೋದನ್ನ ತೆಗೆಯೋದು ಹೇಗೆ? ಕಾಸ್ಟ್ ತಂದ್ರೆ ತಗ್ಗಲ್ಲಿ ಕೂರಿಸೋದು ಹೇಗೆ?

ಕಡಲತಡಿ:
ತೆಗೆಯುವಾಗ ಅವಸರ ಬೇಡ, ಹಸಿ ಪೇಂಟ್ ಸಮೇತ ಬಂದೀತು. ಬಿಸಿನೀರಲ್ಲಿ ಅದ್ದಿದ ಬಟ್ಟೆ ಇಟ್ಟು ಬೆಚ್ಚಗೆ ಮಾಡಿ, ಹಾಳೆಯನ್ನು ಅದರ ಮೇಲೇ ಮಡಚಿದ ಹಾಗೆ ಹಿಂದಕ್ಕೆ ನಿಧಾನ ಎಳೀರಿ. ನೇರ ಮೇಲಕ್ಕೆ ಎಳೀಬೇಡಿ. ಉಳಿದ ಅಂಟಿಗೆ ಬಟ್ಟೆಯಲ್ಲಿ ಸ್ವಲ್ಪ ಸೀಮೆಎಣ್ಣೆ, ಆಮೇಲೆ ಶಾಂಪೂ. ಥಿನ್ನರ್ ಮುಟ್ಟಿಸಲೇಬೇಡಿ.

ಆಮೇಲೆ ಪೇಂಟ್ ಆರ್ಲಿಕ್ಕೆ ಒಂದು ತಿಂಗಳು ಬಿಡಿ. ಅಂಟಿಸುವ ಮೊದಲು ಟ್ಯಾಂಕಿಗೇ ಒಂದು ತುಂಡು ಹಾಕಿ ದಿನವಿಡೀ ಬಿಸಿಲಲ್ಲಿಡಿ. ಗುಳ್ಳೆ ಬಂದ್ರೆ ಇನ್ನೂ ಕಾಯಿರಿ. ಕ್ಲೀನ್ ಮಾಡ್ಲಿಕ್ಕೆ ಎರಡು ಪಾಲು ಐಪಿಎಗೆ ಒಂದು ಪಾಲು ನೀರು, ಒಂದೇ ಸಲ ಒರೆಸಿ, ಆರುವ ಮೊದಲೇ ಒಣಬಟ್ಟೆ. ಉಜ್ಜಬೇಡಿ. ಸಿಲಿಕಾನ್ ಪಾಲಿಶ್ ಹತ್ತಿರವೂ ಬೇಡ.

ತಗ್ಗಿಗೆ ಹೇಳುವುದಾದ್ರೆ, ಎಲ್ಲರೂ ಉಬ್ಬಿನಿಂದ ಉಬ್ಬಿಗೆ ಹಾಳೆ ಬಿಗಿದು ಆಮೇಲೆ ತಗ್ಗಿಗೆ ಒತ್ತುತ್ತಾರೆ. ಆಗ ಎಳೆತವೆಲ್ಲ ತಗ್ಗಿನಲ್ಲೇ ನಿಲ್ತದೆ, ಮತ್ತೆ ಎದ್ದೇ ಏಳ್ತದೆ. ತಿರುಗಾಮುರುಗಾ ಮಾಡಿ. ಹಾಳೆಯನ್ನು ಸಡಿಲ ಬಿಟ್ಟು, ಬೆಚ್ಚಗೆ ಮಾಡಿ, ತಗ್ಗಿನ ಅತಿ ಆಳದ ಜಾಗದಲ್ಲಿ ಮೊದಲು ಬೆರಳಿಂದ ಕೂರಿಸಿ. ಅಲ್ಲಿಂದ ಹೊರಗೆ ಫೆಲ್ಟ್ ಬಟ್ಟೆಯ ಅಂಚಿರುವ ಸ್ಕ್ವೀಜಿಯಲ್ಲಿ (ಒತ್ತುವ ಪಟ್ಟಿ) ಒತ್ತಿ. ಎಳೀಲಿಕ್ಕೆ ಉಂಟಾದ್ರೆ ಉಬ್ಬಿನ ಮೇಲೆ ಎಳೀರಿ. ಬಣ್ಣ ತೆಳುವಾಗಿ ಕಂಡ್ರೆ ಎಳೆದದ್ದು ಜಾಸ್ತಿ ಆಯ್ತು ಅಂತ ಅರ್ಥ. ಹಾಗೂ ಕೂರದಿದ್ರೆ ಎರಡು ತುಂಡು ಮಾಡಿ 5 ಮಿ.ಮೀ. ಮೇಲೆ ಮೇಲೆ ಬರುವಂತೆ ಹಾಕಿ, ಜೋಡಣೆಯ ಬಾಯಿ ಹಿಂದಿನ ಚಕ್ರದ ಕಡೆ ಇರಲಿ. ಪ್ರೈಮರ್, ಅಂದ್ರೆ ಅಂಟು ಬಿಗಿ ಹಿಡಿಸುವ ದ್ರವ, ಅಂಚಿಗೆ ಮಾತ್ರ, ತೆಳುವಾಗಿ. ಪೆಟ್ರೋಲ್ ಮುಚ್ಚಳದ ಸುತ್ತ ಒಂದಿಂಚು ಬಿಡಿ, ಚೆಲ್ಲಿದ ಪೆಟ್ರೋಲ್ ಅಂಚಿನ ಅಂಟನ್ನೇ ಕರಗಿಸ್ತದೆ.

ಪಲ್ಸರ್ ಪಾಂಡು:
ಒಂದು ತಿಂಗಳಾ? ಮುಂದಿನ ಭಾನುವಾರ ರೈಡ್ ಇದೆ ಸರ್.

ಕಡಲತಡಿ:
ಕಪ್ಪು ಟ್ಯಾಂಕಲ್ಲೇ ಹೋಗಿ ಬನ್ನಿ.

ಪ್ಲಾಟರ್ 24:
ಫೋಟೋ ಹಾಕಿದ್ದೀನಿ, ನೋಡಿ. ‘ಶ್ರೀ’ಯ ಒತ್ತು ಗಮನಿಸಿ.