ಯುದ್ಧಪೀಡಿತ ಮಕ್ಕಳ ಆಹಾರಕ್ಕೆ ಕ್ಲಬ್ಬಿನಿಂದ ನಿಧಿಸಂಗ್ರಹ: ಸಲಹೆ ಬೇಕು

ಪ್ರಶ್ನೆ (ಬದಿಯಡ್ಕದಿಂದ):
ಮಾನ್ಯರೇ, 2023ರ ಏಪ್ರಿಲಿನಲ್ಲಿ ಆರಂಭವಾದ ಸುಡಾನ್ ಯುದ್ಧದಿಂದ ಹಸಿದಿರುವ ಮಕ್ಕಳಿಗಾಗಿ ನಮ್ಮ ಕ್ಲಬ್ಬಿನವರು ಬಿರಿಯಾನಿ ಚಾಲೆಂಜ್ (ಬಿರಿಯಾನಿ ಮಾಡಿ ಮಾರಿ ಹಣ ಕೂಡಿಸುವುದು) ಮತ್ತು ಒಂದು ತಾಳಮದ್ದಳೆಯ ಮೂಲಕ ನಿಧಿ ಸಂಗ್ರಹಿಸಲು ನಿಶ್ಚಯಿಸಿದ್ದೇವೆ. ಹಾಲಿನ ಪುಡಿಯನ್ನೇ ಕಳುಹಿಸೋಣವೆಂದು ಹಿರಿಯರ ಅಭಿಪ್ರಾಯ. ಹಣ ಕಳುಹಿಸುವುದು ಮೇಲೇ?

ಉತ್ತರ 1 (ಕುಂಬಳೆ):
ಖಂಡಿತವಾಗಿ ಹಣವೇ ಮೇಲು. ಶುದ್ಧ ನೀರಿಲ್ಲದ ಶಿಬಿರದಲ್ಲಿ ಕಲಸಿದ ಹಾಲಿನ ಪುಡಿ ಮಗುವಿಗೆ ಭೇದಿ ತರಬಹುದು. ತೀವ್ರ ಅಪೌಷ್ಟಿಕತೆಗೆ ಒಳಗಾದ ಮಕ್ಕಳಿಗೆ ಕೊಡುವುದು ನೆಲಗಡಲೆ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೀವಸತ್ವಗಳನ್ನು ಸೇರಿಸಿದ ಪೇಸ್ಟನ್ನು. 92 ಗ್ರಾಂ ಪೊಟ್ಟಣದಲ್ಲಿ ಸುಮಾರು 500 ಕಿಲೊಕ್ಯಾಲರಿ ಶಕ್ತಿಯಿರುತ್ತದೆ, ಬೇಯಿಸಬೇಕಾಗಿಲ್ಲ, ನೀರು ಬೆರೆಸಬೇಕಾಗಿಲ್ಲ, ಮೂಲೆ ಹರಿದುಕೊಟ್ಟರೆ ಮಗು ಹಾಗೆಯೇ ಹೀರಿ ತಿನ್ನುತ್ತದೆ. ಇದನ್ನು ಯುನಿಸೆಫ್ ದೊಡ್ಡ ಪ್ರಮಾಣದಲ್ಲಿ ಖರೀದಿಸಿ ಹಂಚುತ್ತದೆ.

ಉತ್ತರ 2 (ಮಂಜೇಶ್ವರ):
ಸಂಘದ ಹೆಸರಿನಲ್ಲಿ ಹೊರದೇಶಕ್ಕೆ ಹಣ ಕಳುಹಿಸುವುದಕ್ಕೆ ವಿದೇಶಿ ವಿನಿಮಯದ ನಿಯಮಗಳು ಅನ್ವಯಿಸುತ್ತವೆ. ಆದ್ದರಿಂದ ಸಂಗ್ರಹಕ್ಕೆ ಮೊದಲೇ ಲೆಕ್ಕಪರಿಶೋಧಕರನ್ನೂ ಬ್ಯಾಂಕನ್ನೂ ವಿಚಾರಿಸಿರಿ. ಯಾರೊಬ್ಬರ ಸ್ವಂತ ಖಾತೆಗೂ ಹಣ ಬರಕೂಡದು. ರಶೀದಿ ಕನ್ನಡ, ಮಲಯಾಳ ಎರಡರಲ್ಲೂ ಇರಲಿ. ಕೋಳಿ, ಅಕ್ಕಿಯ ಖರ್ಚನ್ನು ಕಳೆದು ಉಳಿದದ್ದೆಷ್ಟೆಂಬುದನ್ನು ಕ್ಲಬ್ಬಿನ ಫಲಕದಲ್ಲಿ ಬರೆಯಿರಿ.

ಉತ್ತರ 3 (ನೀರ್ಚಾಲು):
ನಮ್ಮವರನ್ನು ಬಿಟ್ಟು ದೂರದವರಿಗೇಕೆಂದು ಕೇಳುವವರು ಇದ್ದೇ ಇರುತ್ತಾರೆ. 1919ರಲ್ಲಿ ಲಂಡನ್ನಿನಲ್ಲಿ ಎಗ್ಲಾಂಟೈನ್ ಜೆಬ್ ಮತ್ತು ಅವರ ಸೋದರಿ ‘ಸೇವ್ ದ ಚಿಲ್ಡ್ರನ್’ ನಿಧಿಯನ್ನು ಆರಂಭಿಸಿದ್ದು, ಆಗಷ್ಟೇ ಮುಗಿದಿದ್ದ ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಶತ್ರುಗಳಾಗಿದ್ದ ಜರ್ಮನಿ, ಆಸ್ಟ್ರಿಯಗಳ ಹಸಿದ ಮಕ್ಕಳಿಗಾಗಿ ಎಂಬುದನ್ನು ಅಂಥವರಿಗೆ ದಯವಿಟ್ಟು ತಿಳಿಸಿರಿ. ತಾಳಮದ್ದಳೆಯ ದಿನ ನಾನೂ ಬರುತ್ತೇನೆ.